ಮಾರಲಿ, ಆದರೆ ಹೇಳಿ ಮಾರಲಿ

ಮಾನ್ಯ ಸಂಪಾದಕರೇ,

ಪಬ್ಲಿಕ್ ಡೊಮೈನ್ (ಯಾರ ಹಕ್ಕೂ ಇಲ್ಲದ, ಎಲ್ಲರಿಗೂ ಮುಕ್ತವಾದ) ಸಾಫ್ಟ್‌ವೇರಿಗೆ ಬೇರೆ ಹೆಸರಿಟ್ಟು ಮಾರುತ್ತಿದ್ದ ಕಂಪನಿಯ ವರದಿ ನಿನ್ನೆ ಓದಿ ಮೈ ಉರಿಯಿತು. ಅದಕ್ಕೆ ದುಡ್ಡು ಕಟ್ಟಿದವರಲ್ಲಿ ನಾನೂ ಒಬ್ಬ. ಆದರೆ ಜಾಸ್ತಿ ಸಿಟ್ಟು ಬಂದದ್ದು ಅದರಲ್ಲಿದ್ದ ಅಧಿಕಾರಿಗಳ ಹೇಳಿಕೆಗೆ. ಇಂಥ ಸಾಫ್ಟ್‌ವೇರನ್ನು ಲಾಭಕ್ಕೆ ಮಾರುವುದೇ ತಪ್ಪಂತೆ! ಯಾವ ಕಾನೂನಿನಲ್ಲಿದೆ ಇದು?

ಪಬ್ಲಿಕ್ ಡೊಮೈನ್‌ಗೆ ಬಂದದ್ದಕ್ಕೆ ಹಕ್ಕುದಾರರೇ ಇರುವುದಿಲ್ಲ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಮಾರಲೂಬಹುದು. 2000ದಲ್ಲಿ ಬಂದ, ಮಾಹಿತಿ ಜೋಡಿಸಿಡುವ ಎಸ್‌ಕ್ಯೂಲೈಟ್ ಎಂಬ ಸಾಫ್ಟ್‌ವೇರ್ ನೋಡಿ. ಎಲ್ಲರ ಮೊಬೈಲ್‌ನಲ್ಲೂ ಅದಿದೆ. ಅದನ್ನು ಒಳಗಿಟ್ಟುಕೊಂಡ ಎಷ್ಟೋ ಆ್ಯಪ್‌ಗಳು ದುಡ್ಡಿಗೇ ಮಾರಾಟವಾಗುತ್ತವೆ. ಎಸ್‌ಕ್ಯೂಲೈಟ್ ಬರೆದ ರಿಚರ್ಡ್ ಹಿಪ್ ಅವರ ಕಂಪನಿಯೇ ಸಪೋರ್ಟ್ ಮಾರುತ್ತದೆ, ಲೈಸೆನ್ಸ್ ಪತ್ರ ಬೇಕೇ ಬೇಕು ಎನ್ನುವವರಿಗೆ ಅದನ್ನೂ ಮಾರುತ್ತದೆ. ಆದರೆ ಲೈಸೆನ್ಸ್ ಇಲ್ಲದೆಯೂ ಬಳಸಬಹುದು ಎಂದು ವೆಬ್‌ಸೈಟ್‌ನಲ್ಲೇ ಬರೆದಿದ್ದಾರೆ. ಅಧಿಕಾರಿಗಳು ಹೇಳಿಕೆಯಲ್ಲಿ ಹೆಸರಿಸಿದ ಜಿಪಿಎಲ್ ಎಂಬ ಲೈಸೆನ್ಸ್ ಬೇರೆಯೇ ವಿಷಯ. ಆ ಲೈಸೆನ್ಸಿನ ಸಾಫ್ಟ್‌ವೇರಿಗೆ ಹಕ್ಕುದಾರರಿದ್ದಾರೆ, ಷರತ್ತುಗಳಿವೆ. ಅದನ್ನೂ ಮಾರಬಹುದು, ಆದರೆ ಸೋರ್ಸ್ ಕೋಡ್ (ಪ್ರೋಗ್ರಾಂ ಬರೆದ ಮೂಲ ಸಾಲುಗಳು) ಕೊಡಬೇಕು, ಕೊಂಡವರಿಗೂ ಅದೇ ಲೈಸೆನ್ಸಿನ ಹಕ್ಕುಗಳನ್ನು ಕೊಡಬೇಕು.

ಈ ಕಂಪನಿ ಮಾಡಿದ್ದು ಮೋಸ. ಇಡೀ ಸಾಫ್ಟ್‌ವೇರ್ ತನ್ನದೇ ಎಂದಿತು. ನಕಲು ಮಾಡಿದರೆ ಕೇಸು ಎಂದು ಹೆದರಿಸಿತು. ತಾನು ಬರೆದು ಸೇರಿಸಿದ ಭಾಗವಿದ್ದರೆ ಅದಕ್ಕೆ ಮಾತ್ರ ಅದರ ಹಕ್ಕು, ಉಳಿದದ್ದಕ್ಕೆ ಹೇಗೆ ಬರುತ್ತದೆ? ನಾನು ಕಂಪ್ಯೂಟರ್ ಬದಲಿಸಿದಾಗ, ಸಾಫ್ಟ್‌ವೇರ್ ತೆರೆಯಲು ಅವರು ಕೊಟ್ಟಿದ್ದ ಕೀ (ಗುಪ್ತ ಸಂಕೇತ) ಕೆಲಸ ಮಾಡಲಿಲ್ಲ. ಮತ್ತೆ ದುಡ್ಡು ಕಟ್ಟಿದೆ. ವರ್ಷದ ಚಂದಾ ಮುಗಿದ ದಿನವೇ ನನ್ನ ಲೆಕ್ಕದ ಫೈಲುಗಳೆಲ್ಲ ಲಾಕ್. ಸಹಾಯವಾಣಿಗೆ ಫೋನ್ ಮಾಡಿದರೆ ಬರೀ ಸಂಗೀತ. ಕೆಲಸ ಕೊಟ್ಟವರ ಹತ್ತಿರ ಬೈಸಿಕೊಂಡೆ. ಪುಕ್ಕಟೆ ಸಿಗುವ ಮೂಲ ಸಾಫ್ಟ್‌ವೇರ್‌ನಲ್ಲಿ ಈ ಬೀಗವೇ ಇಲ್ಲ!

ಅಧಿಕಾರಿಗಳಿಗೆ ಇದೆಲ್ಲ ಈಗ ಕಂಡಿತೇ? ಇವರ ಕಚೇರಿಗೆ ಹಿಂದೆಯೂ ದೂರು ಕೊಟ್ಟಿದ್ದೆ. ಆನ್‌ಲೈನ್ ಅರ್ಜಿ ತೆರೆಯುವುದೇ ಇಲ್ಲ. ಹೋಗಿ ಕೇಳಿದರೆ ಸರ್ವರ್ ಡೌನ್. ಕಾಗದದಲ್ಲಿ ಬರೆದು ಕೊಟ್ಟರೆ, ಆನ್‌ಲೈನ್‌ನಲ್ಲೇ ಹಾಕಿ ಎನ್ನುತ್ತಾರೆ. ಸಾಹೇಬರು ಯಾವಾಗಲೂ ಮೀಟಿಂಗ್‌ನಲ್ಲಿ. ಪತ್ರಿಕೆಗೆ ಹೇಳಿಕೆ ಕೊಡಲು ಮಾತ್ರ ಪುರಸೊತ್ತಿದೆ.

ನಮ್ಮ ದುಡ್ಡು ವಾಪಸ್ ಕೊಡಿಸಲಿ. ಒಳಗಿರುವುದು ಯಾವ ಸಾಫ್ಟ್‌ವೇರ್ ಎಂದು ಮಾರುವವರು ಮೊದಲೇ ಬರೆಯುವಂತೆ ಮಾಡಲಿ, ಇಲ್ಲವೇ ಆ ಕೇಸಿನ ಬೆದರಿಕೆಯನ್ನಾದರೂ ತೆಗೆಸಲಿ. ಪ್ರಾಮಾಣಿಕವಾಗಿ ಮಾರುವವರ ಮೇಲೆ ಸುಮ್ನೆ ಹರಿಹಾಯಬೇಡಿ. ಬಾಯಿ ತೆರೆಯುವ ಮೊದಲು ಅಧಿಕಾರಿಗಳು ಕಾನೂನು ಓದಿಕೊಳ್ಳಲಿ, ಅದಕ್ಕೇ ಅಲ್ವಾ ಸಂಬಳ ಕೊಡುತ್ತಿರುವುದು?

— ದುಡ್ಡು ಕಳೆದುಕೊಂಡ ಓದುಗ