ಚಿತ್ರಕ್ಕೆ ದೀಪ ಹಾಕಿಸಿದ ಅಜ್ಜಿಗೆ

ರೋಮ್‌ನ ಸಾನ್ ಲುಯಿಜಿ ದೇಯ್ ಫ್ರಾಂಚೇಸಿ ಚರ್ಚಿನಲ್ಲಿ ಸಿಕ್ಕ ಅಜ್ಜಿ, ನಿಮಗೆ ತುಂಬಾ ಥ್ಯಾಂಕ್ಸ್. ಇಟಲಿಯ ಚಿತ್ರಕಾರ ಕರವಾಜ್ಜೊನ ಚಿತ್ರಗಳಿರುವ ಮೂಲೆ ಕತ್ತಲಾಗಿತ್ತು. ಪೆಟ್ಟಿಗೆಗೆ ನಾಣ್ಯ ಹಾಕಿದರೆ ಮಾತ್ರ ಸ್ವಲ್ಪ ಹೊತ್ತು ದೀಪ. ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ. ನೀವೇ ಹಾಕಿದಿರಿ, ಮುಂದೆ ಜಾಗ ಬಿಟ್ಟುಕೊಟ್ಟಿರಿ. ದೀಪ ಆರಿದಾಗ ಮತ್ತೊಂದು ನಾಣ್ಯ!

ಅವುಗಳಲ್ಲಿ ಒಂದು, ಯೇಸು ಮ್ಯಾಥ್ಯೂವನ್ನು ಶಿಷ್ಯನಾಗು ಅಂತ ಕರೆಯುವ ಚಿತ್ರ, 1600ರ ಹೊತ್ತಿನದು. ನೀವು ಸುಮ್ನೆ ಬೆರಳು ತೋರಿಸಿದಿರಿ. ಮೊದಲು ಚಿತ್ರದೊಳಗೆ ಬಲಗಡೆಯಿಂದ ಬೀಳುವ ಬೆಳಕು, ಆಮೇಲೆ ಪೂಜೆಯ ಪೀಠದ ಮೇಲಿರುವ ನಿಜವಾದ ಕಿಟಕಿ. ಎರಡೂ ಒಂದೇ ಕಡೆಯಿಂದ! ಆ ಗೋಡೆಗೇ ಅಂತ ಬರೆದ ಚಿತ್ರ. ಪುಸ್ತಕದಲ್ಲಿ ಎಷ್ಟು ಸಲ ನೋಡಿದರೂ ಇದು ತಿಳಿಯೋದಿಲ್ಲ, ಅಲ್ವಾ?

ಇಟಾಲಿಯನ್ ಬಾರದೆ ಅಂದು ಬರೀ ಕೈಮುಗಿದೆ. ನಿಮ್ಮಿಂದಲೇ ಆ ಚಿತ್ರ ನನಗೆ ದಕ್ಕಿತು, ಅಜ್ಜಿ.