ಗ್ರೇಟ್‌ಫುಲ್ ಡೆಡ್ ಮನೋಧರ್ಮಕ್ಕೆ ನ್ಯಾಯ ಸಿಗಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಅಮೆರಿಕದ ರಾಕ್ ಸಂಗೀತದ ಬಗ್ಗೆ ಬಂದ ಲೇಖನವು ಗ್ರೇಟ್‌ಫುಲ್ ಡೆಡ್ ತಂಡವನ್ನು ಎರಡೇ ಸಾಲಿನಲ್ಲಿ ಮುಗಿಸಿದೆ. ನಶೆಯಲ್ಲಿ ಮನಬಂದಂತೆ ನುಡಿಸುತ್ತಿದ್ದವರು ಎಂಬ ಷರಾ ಓದಿ ನೊಂದುಕೊಂಡೆ. ಆ ತಂಡದ ಬದುಕಿನಲ್ಲಿ ಮಾದಕ ವಸ್ತುಗಳಿದ್ದವು, ಒಪ್ಪುತ್ತೇನೆ. ಆದರೆ 1965ರಿಂದ 1995ರವರೆಗೆ ಎರಡು ಸಾವಿರಕ್ಕೂ ಹೆಚ್ಚು ಕಛೇರಿ ಕೊಟ್ಟು, ರಾತ್ರಿಯಿಂದ ರಾತ್ರಿಗೆ ಹಾಡುಗಳ ಸರದಿ ಬದಲಿಸಿ, ಹಳೆಯ ಹಾಡನ್ನೇ ಹೊಸದಾಗಿ ಬೆಳೆಸುವುದಕ್ಕೆ ಎಷ್ಟು ಸಾಧನೆ ಬೇಕು ಎಂಬುದು ರಾಗಾಲಾಪನೆ ಕೇಳಿ ಬೆಳೆದ ನಮಗೆ ತಿಳಿಯದ ಸಂಗತಿಯೇ?

1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ಅವರು ನುಡಿಸಿದ್ದನ್ನು ದಯವಿಟ್ಟು ಒಮ್ಮೆ ಕೇಳಿ. ವಿರಾಮದ ನಂತರ ಎರಡು ಹಾಡುಗಳು ಸುಮಾರು 25 ನಿಮಿಷ ಒಂದೇ ಉಸಿರಿನಲ್ಲಿ ಸಾಗುತ್ತವೆ. ಮೊದಲನೆಯದು ಎಲ್ಲಿ ಮುಗಿಯಿತು ಎಂದು ಬೆರಳಿಟ್ಟು ತೋರಿಸುವುದು ಕಷ್ಟ. ಇಬ್ಬರು ಡ್ರಮ್ ವಾದಕರು ನಡೆಯನ್ನು ಬಿಡದೆ ಹಿಡಿದಿರುತ್ತಾರೆ. ಅದರ ಅಡಿಯಲ್ಲಿ ಫಿಲ್ ಲೆಶ್ ಅವರ ಬೇಸ್ ಗಿಟಾರ್ ಮೆಲ್ಲನೆ ಮುಂದಿನ ಹಾಡಿನತ್ತ ಹೊರಳುತ್ತದೆ. ಆ ಹಾಡಿಗೆ ಇರುವುದು ಎರಡೇ ಕಾರ್ಡ್, ಅಂದರೆ ಒಟ್ಟಿಗೆ ನುಡಿಸುವ ಸ್ವರಗುಚ್ಛ. ಅಷ್ಟರ ಮೇಲೆಯೇ ಜೆರ್ರಿ ಗಾರ್ಸಿಯಾ ಅವರ ಗಿಟಾರ್ ಒಂದೊಂದೇ ಎಳೆ ಸೇರಿಸುತ್ತಾ ಮೇಲೇರುತ್ತದೆ. ಬಾಲ್ಯದಲ್ಲಿಯೇ ಬಲಗೈಯ ನಡುಬೆರಳಿನ ಹೆಚ್ಚಿನ ಭಾಗ ಕಳೆದುಕೊಂಡಿದ್ದವರು ಅವರು. ಈ ಭಾಗವನ್ನು ಎಷ್ಟು ಸಲ ಕೇಳಿದ್ದೇನೋ, ಪ್ರತಿ ಸಲವೂ ಕಣ್ಣು ತೇವವಾಗುತ್ತದೆ.

ಆ ಧ್ವನಿಮುದ್ರಣ ಅಧಿಕೃತವಾಗಿ ಹೊರಬಂದದ್ದು 2017ರಲ್ಲಿ. ಅದಕ್ಕೂ ದಶಕಗಳ ಮುಂಚೆಯೇ ಕ್ಯಾಸೆಟ್ ಪ್ರತಿಗಳು ಕೈಯಿಂದ ಕೈಗೆ ದಾಟಿ ಸಾವಿರಾರು ಮನೆ ಸೇರಿದ್ದವು. ಕಛೇರಿಯನ್ನು ಮುದ್ರಿಸಿಕೊಳ್ಳುವ ಕೇಳುಗರನ್ನು ತಂಡ ಓಡಿಸಲಿಲ್ಲ. 1984ರಲ್ಲಂತೂ ಅವರು ಮೈಕ್ ನಿಲ್ಲಿಸಿಕೊಳ್ಳಲೆಂದೇ ಸಭಾಂಗಣದಲ್ಲಿ ಪ್ರತ್ಯೇಕ ಜಾಗ ಬಿಟ್ಟುಕೊಟ್ಟಿತು. ಹಂಚಿಕೊಳ್ಳಬಹುದು, ಮಾರಬಾರದು ಎಂಬುದಷ್ಟೇ ಕರಾರು. ಕೇಳುಗರ ಮೇಲೆ ಇಷ್ಟು ನಂಬಿಕೆ ಇಟ್ಟ ಕಲಾವಿದರು ಅಪರೂಪ.

ಲೇಖಕರು ನಮ್ಮ ನಂಟನ್ನೂ ಮರೆತಿದ್ದಾರೆ. ತಂಡದ ಡ್ರಮ್ ವಾದಕರಲ್ಲೊಬ್ಬರಾದ ಮಿಕ್ಕಿ ಹಾರ್ಟ್ ಅವರಿಗೆ ತಬಲಾ ಗುರು ಅಲ್ಲಾ ರಖಾ ಅವರ ಲಯಜ್ಞಾನ ದಾರಿ ತೋರಿತು. ಏಳು, ಹತ್ತು, ಹನ್ನೊಂದು ಎಣಿಕೆಯ ಹಾಡುಗಳನ್ನು ನುಡಿಸಿದ ರಾಕ್ ತಂಡವಿದು. ಮುಂದೆ ಹಾರ್ಟ್ ಅವರು ಜಾಕಿರ್ ಹುಸೇನ್ ಮತ್ತು ಘಟಂ ವಿದ್ವಾಂಸ ವಿಕ್ಕು ವಿನಾಯಕರಾಮ್ ಅವರೊಂದಿಗೆ ನುಡಿಸಿದ ತಾಳವಾದ್ಯಗಳ ಆಲ್ಬಂಗೆ 1992ರಲ್ಲಿ ಗ್ರ್ಯಾಮಿ ಬಂತು.

ಈ ತಂಡದ ಬಗ್ಗೆ ಪುರವಣಿಯಲ್ಲಿ ಇನ್ನೊಂದು ಲೇಖನ ಪ್ರಕಟಿಸಬೇಕೆಂದು ಕೋರುತ್ತೇನೆ. ಸಾಧ್ಯವಾದರೆ ಅದನ್ನು ಮೃದಂಗವನ್ನೋ ಘಟವನ್ನೋ ನುಡಿಸುವವರಿಂದ, ಬಾರ್ಟನ್ ಹಾಲ್ ಕಛೇರಿಯನ್ನು ಪೂರ್ತಿ ಕೇಳಿಸಿ ಬರೆಸಿ.

— ಓರ್ವ ಓದುಗ, ಮೈಸೂರು