ಸ್ಯಾಂಡ್ರಾ ಓ ಬರಹಮಾಲೆ ಮುಗಿದ ಹೊತ್ತಿಗೆ

ಕೆನಡಾದ ನಟಿ ಸ್ಯಾಂಡ್ರಾ ಓ ಅವರ ಅಭಿನಯ ಜೀವನವನ್ನು ಕುರಿತು ನಾನು ಕನ್ನಡದಲ್ಲಿ ಬರೆಯುತ್ತಿದ್ದ ಬರಹಮಾಲೆ ಕಳೆದ ವಾರ ಮುಗಿಯಿತು. ನಡುವೆ ಅದು ಏಕೆ ನಿಂತುಹೋಗಿತ್ತು ಎಂಬುದು ಇದನ್ನು ಓದುತ್ತಿರುವ ಬಹುತೇಕರಿಗೆ ಗೊತ್ತೇ ಇರುವುದರಿಂದ ಕಾಯಿಲೆಯ ಕಥೆಯನ್ನು ಮತ್ತೆ ಹೇಳುವುದಿಲ್ಲ. ನಿಂತ ಬರವಣಿಗೆ ಮತ್ತೆ ಹೊರಟದ್ದು ಯಾರ ದೆಸೆಯಿಂದ ಎಂಬುದನ್ನು ಮಾತ್ರ ಎಲ್ಲರೆದುರು ಹೇಳಬೇಕಾಗಿದೆ.

ಹಳೆಯ ಕೆನಡಿಯನ್ ಚಿತ್ರಗಳ ಡಿವಿಡಿಗಳನ್ನು ಬೇರೆ ಊರುಗಳಿಂದ ತರಿಸಿಕೊಟ್ಟ ಗ್ರಂಥಾಲಯದ ಸಿಬ್ಬಂದಿ, ಮಾಂಟ್ರಿಯಲ್‌ನಿಂದ ಫ್ರೆಂಚ್ ಬರಹಗಳನ್ನು ಓದಿ ವಿವರಿಸಿದ ಗೆಳತಿ, ಧಾರವಾಡದಲ್ಲಿ ಕುಳಿತು ಪ್ರತಿ ಕಂತಿನ ಕರಡು ತಿದ್ದಿದ ಮೇಷ್ಟ್ರು, ಕಚೇರಿಯಲ್ಲಿ ನನ್ನ ಪಾಲಿನ ಕೆಲಸವನ್ನೂ ಹೊತ್ತ ಸಹೋದ್ಯೋಗಿಗಳು, ಮೈಸೂರಿನಿಂದ ದಿನವೂ ಫೋನ್ ಮಾಡಿ ‘ಇವತ್ತು ಎರಡು ಸಾಲಾದರೂ ಬರೆದೆಯಾ’ ಎಂದು ಕೇಳುತ್ತಿದ್ದ ಅಪ್ಪ ಅಮ್ಮ, ಇವರೆಲ್ಲರಿಗೂ ನನ್ನ ಮನಃಪೂರ್ವಕ ನಮಸ್ಕಾರಗಳು.

ಇನ್ನು ಅಕ್ಕ. ಹೆಸರು ಹಾಕಕೂಡದೆಂದು ಅವರ ಕಟ್ಟಪ್ಪಣೆ. ತೀರ್ಥಹಳ್ಳಿ ಕಡೆಯವರು, ಇಲ್ಲಿ ಒಟ್ಟಾವಾದಲ್ಲಿ, ನಮ್ಮದೇ ಕಟ್ಟಡದ ಕೆಳಗಿನ ಮಹಡಿಯಲ್ಲಿದ್ದಾರೆ. ರಕ್ತಸಂಬಂಧವಿಲ್ಲ, ಮೊದಲು ಆತ್ಮೀಯ ಸ್ನೇಹವೂ ಇರಲಿಲ್ಲ. ಲಿಫ್ಟಿನಲ್ಲಿ ಕನ್ನಡ ಕೇಳಿಸಿದ್ದರಿಂದ ಆದ ಪರಿಚಯ ಅಷ್ಟೇ. ಫೆಬ್ರುವರಿಯ ಆ ರಾತ್ರಿ ಹೊರಗೆ ಹಿಮ ಸುರಿಯುತ್ತಿದ್ದಾಗ ನನ್ನನ್ನು ಆಸ್ಪತ್ರೆಗೆ ಕರೆದೊಯ್ದವರು ಅವರು. ತುರ್ತಿಗೆ ಯಾರನ್ನು ಸಂಪರ್ಕಿಸಬೇಕೆಂದು ನರ್ಸ್ ಫಾರ್ಮ್ ಹಿಡಿದು ಕೇಳಿದರು. ಅಷ್ಟು ದೂರದಲ್ಲಿರುವ ಅಪ್ಪನ ನಂಬರ್ ಕೊಟ್ಟು ಅವರನ್ನು ಗಾಬರಿಗೊಳಿಸುವುದು ಹೇಗೆಂದು ನಾನು ತಡವರಿಸುತ್ತಿದ್ದೆ. ಅಕ್ಕ ಪೆನ್ನು ಇಸಿದುಕೊಂಡು ತಮ್ಮ ನಂಬರ್ ಬರೆದರು, ಸಂಬಂಧ ಎಂದಿದ್ದ ಕಡೆ ‘ಸಿಸ್ಟರ್’ ಎಂದು ತುಂಬಿದರು, ನನ್ನ ಕಡೆ ನೋಡಲೂ ಇಲ್ಲ.

ಆಸ್ಪತ್ರೆಯ ವೈದ್ಯರ ಕಥೆ ಹೇಳುವ ಅಮೆರಿಕದ ಟಿವಿ ಧಾರಾವಾಹಿ ‘ಗ್ರೇಸ್ ಅನಾಟಮಿ’ಯ ಎರಡನೆಯ ಸೀಸನ್ನಿನ ಮೊದಲ ಕಂತಿನಲ್ಲಿ ಇದೇ ಬಗೆಯ ದೃಶ್ಯವಿದೆ. ಓ ಅಭಿನಯಿಸಿದ ಕ್ರಿಸ್ಟಿನಾ ಯಾಂಗ್ ಕ್ಲಿನಿಕ್ಕಿನ ಫಾರ್ಮಿನಲ್ಲಿ ತನ್ನವರೆಂದು ಒಬ್ಬರ ಹೆಸರು ಕೊಡಬೇಕಾಗಿ ಬಂದು ಗೆಳತಿ ಮೆರೆಡಿತ್‌ಳ ಹೆಸರು ಬರೆದಿರುತ್ತಾಳೆ. ಅದನ್ನು ಕೇಳಿ ಮೆರೆಡಿತ್ ಅಪ್ಪಿಕೊಂಡರೆ, ನೀನೀಗ ಅಪ್ಪಿಕೊಳ್ಳುತ್ತಿದ್ದೀಯ ಎಂದು ಆಕ್ಷೇಪಿಸುವವಳಂತೆ ನೆನಪಿಸುತ್ತಾಳೆ. ಮಮತೆಯನ್ನು ಕೆಲಸದ ವಿಷಯದಂತೆ ಹೇಳಿಬಿಡುವ ಆ ಬಿಗಿ ದನಿಯ ಬಗ್ಗೆ ಕಾಯಿಲೆಗೆ ಮೊದಲೇ ಬರೆದಿದ್ದೆ. ಅದು ಎಷ್ಟು ನಿಜವಾದ ಅಭಿನಯ ಎಂಬುದು ಅಕ್ಕ ಫಾರ್ಮ್ ತುಂಬಿದ ಮೇಲೆ ತಿಳಿಯಿತು.

ಬೆಳಗಾಗುವವರೆಗೆ ಅವರು ಆ ಪ್ಲಾಸ್ಟಿಕ್ ಕುರ್ಚಿ ಬಿಟ್ಟು ಕದಲಲಿಲ್ಲ. ನನಗೆ ನಿದ್ದೆಯಿಲ್ಲ, ಬೆಳಕು ಕಣ್ಣಿಗೆ ಚುಚ್ಚುತ್ತಿತ್ತು, ಸುಮ್ಮನಿದ್ದರೆ ಭಯವಾಗುತ್ತಿತ್ತು. ಏನಾದರೂ ಕೇಳಿಸಿಕೊಳ್ಳೋಣ ಎಂದು ಅವರೇ ಫೋನಿನಲ್ಲಿ ‘ಟರ್ನಿಂಗ್ ರೆಡ್’ ಎಂಬ ಆನಿಮೇಷನ್ ಚಿತ್ರ ಹಾಕಿ, ಪರದೆಯನ್ನು ಮಗುಚಿಟ್ಟು, ಇಯರ್‌ಫೋನಿನ ಒಂದು ತುದಿಯನ್ನು ನನ್ನ ಕಿವಿಗಿಟ್ಟು ಇನ್ನೊಂದನ್ನು ತಾವು ಹಾಕಿಕೊಂಡರು. 2022ರ ಆ ಚಿತ್ರದ ಕಥೆ ನಡೆಯುವುದು 2002ರ ಟೊರೊಂಟೊದಲ್ಲಿ. ನಿರ್ದೇಶಕಿ ಡೋಮೀ ಶಿ ಬೆಳೆದ ಊರೂ ಅದೇ. ಹದಿಮೂರರ ಮಗಳನ್ನು ಒಂದು ಗಳಿಗೆಯೂ ಕಣ್ಣಿನಿಂದ ಮರೆಯಾಗಗೊಡದ ತಾಯಿ ಮಿಂಗ್‌ಗೆ ದನಿ ಕೊಟ್ಟವರು ಓ. ಮಿಂಗ್ ಶಾಲೆಯ ಆವರಣದ ಮರದ ಮರೆಯಲ್ಲಿ ನಿಂತು ತರಗತಿಯೊಳಗೆ ಇಣುಕುವ ಭಾಗ ಬಂದಾಗ ಅಕ್ಕ ಕಣ್ಣು ಮುಚ್ಚಿಕೊಂಡೇ ನಕ್ಕು, ‘ಮುಖ ಕಾಣದಿದ್ರೂ ಇವಳು ಕುತ್ತಿಗೆ ಉದ್ದ ಮಾಡಿ ನೋಡ್ತಿರೋದು ಗೊತ್ತಾಗುತ್ತಲ್ಲ ಮಾರಾಯ್ತಿ’ ಎಂದರು. ಓ ಅವರ ಕಂಠಾಭಿನಯವನ್ನು ಕುರಿತು ಅಷ್ಟು ನಿಖರವಾದ ಮಾತನ್ನು ನಾನು ಬೇರೆಲ್ಲೂ ಓದಿಲ್ಲ. ‘ಇನ್ವಿನ್ಸಿಬಲ್’ ಆನಿಮೇಷನ್ ಧಾರಾವಾಹಿಯ ಡೆಬ್ಬಿ ಗ್ರೇಸನ್, ‘ರಾಯಾ’ ಚಿತ್ರದ ವಿರಾನಾ, 2004ರಷ್ಟು ಹಿಂದಿನ ‘ಮುಲಾನ್ 2’ರ ರಾಜಕುಮಾರಿ ಟಿಂಗ್ ಟಿಂಗ್, ಇವರನ್ನೆಲ್ಲ ನಾನು ಮತ್ತೆ ಕೇಳಿದ್ದು ಪರದೆ ಮಗುಚಿಟ್ಟೇ. ದನಿಯನ್ನು ಕುರಿತ ಇಡೀ ಕಂತು ಹುಟ್ಟಿದ್ದು ಆ ಕುರ್ಚಿಯಿಂದ.

ಮನೆಗೆ ಬಂದ ಮೇಲೂ ಅಕ್ಕ ಸಂಜೆ ಸಂಜೆ ಫ್ಲಾಸ್ಕಿನಲ್ಲಿ ಮೆಣಸಿನ ಸಾರು ತಂದು, ನಾನು ಕುಡಿಯುವಷ್ಟು ಹೊತ್ತು ಹಸ್ತಪ್ರತಿಯನ್ನು ಗಟ್ಟಿಯಾಗಿ ಓದುತ್ತಿದ್ದರು. ಒಂದು ದಿನ ನಡುವೆ ನಿಲ್ಲಿಸಿ, ‘ಪ್ರಶಸ್ತಿ ಬಂದ ವರ್ಷಗಳೆಲ್ಲ ಇವೆ, ಬಾರದ ವರ್ಷಗಳಲ್ಲಿ ಇವಳು ಏನು ಮಾಡ್ತಿದ್ದಳು?’ ಎಂದು ಕೇಳಿದರು. ಬರಹದ ದಾರಿಯೇ ಅಲ್ಲಿಂದ ತಿರುಗಿತು.

ಒಟ್ಟಾವಾ ಪಕ್ಕದ ನೆಪಿಯನ್‌ನಲ್ಲಿ ಕೊರಿಯಾದಿಂದ ಬಂದ ತಂದೆತಾಯಿಗಳಿಗೆ 1971ರಲ್ಲಿ ಹುಟ್ಟಿ, ಪತ್ರಿಕೋದ್ಯಮದ ವಿದ್ಯಾರ್ಥಿವೇತನವನ್ನು ಬಿಟ್ಟು ಮಾಂಟ್ರಿಯಲ್‌ನ ನ್ಯಾಷನಲ್ ಥಿಯೇಟರ್ ಸ್ಕೂಲ್ ಸೇರಿದ ಹುಡುಗಿಗೆ, ಮೀನಾ ಶಮ್ ನಿರ್ದೇಶಿಸಿದ ‘ಡಬಲ್ ಹ್ಯಾಪಿನೆಸ್’ ಚಿತ್ರಕ್ಕಾಗಿ ಕೆನಡಾದ ಸಿನಿಮಾ ಪ್ರಶಸ್ತಿಯಾದ ಜೀನಿ ಬಂದದ್ದು 1994ರಲ್ಲಿ. ಕ್ರಿಸ್ಟಿನಾ ಯಾಂಗ್ ಆದದ್ದು 2005ರಲ್ಲಿ. ನಡುವಿನ ಹೆಚ್ಚಿನ ಕಾಲ, 1996ರಿಂದ 2002ರವರೆಗೆ, ಅವರು ‘ಆರ್ಲಿಸ್’ ಎಂಬ ಹಾಸ್ಯ ಧಾರಾವಾಹಿಯಲ್ಲಿ ಕಥಾನಾಯಕನ ಸಹಾಯಕಿ ರೀಟಾ ವು. 2001ರ ‘ದಿ ಪ್ರಿನ್ಸೆಸ್ ಡೈರೀಸ್’ ಚಿತ್ರದಲ್ಲಿ ಉಪಪ್ರಾಂಶುಪಾಲೆ ಗುಪ್ತಾ; ರಾಣಿ ಶಾಲೆಗೆ ಬರುತ್ತಿದ್ದಾರೆಂದು ಫೋನಿನಲ್ಲಿ ಹೇಳುವ ಆ ಪುಟ್ಟ ಸಾಲನ್ನು ಜನ ಇಂದಿಗೂ ಮರೆತಿಲ್ಲ. ಆ ಒಂದು ಸಾಲಿಗೆ ಅವರು ಕೊಟ್ಟ ಗಮನ, ಹತ್ತು ಸೀಸನ್ ನಡೆಸಿದ ಪಾತ್ರಕ್ಕೆ ಕೊಟ್ಟ ಗಮನಕ್ಕಿಂತ ಕಡಿಮೆಯದಲ್ಲ. ಆ ವರ್ಷಗಳ ದುಡಿಮೆಯೇ ಓ ಅವರ ವೃತ್ತಿಯ ತಿರುಳು ಎಂದು ನಾನು ಈಗ ದೃಢವಾಗಿ ನಂಬಿದ್ದೇನೆ. ಅಕ್ಕ ಕೇಳದೆ ಹೋಗಿದ್ದರೆ ಅದು ಒಂದು ಪ್ಯಾರಾದಲ್ಲಿ ಮುಗಿದುಹೋಗುತ್ತಿತ್ತು.

ಈವ್ ಎಂಬ ಗೂಢಚಾರ ಸಂಸ್ಥೆಯ ಅಧಿಕಾರಿಣಿ ಕಥಾನಾಯಕಿಯಾಗಿರುವ ‘ಕಿಲ್ಲಿಂಗ್ ಈವ್’ ಧಾರಾವಾಹಿಯನ್ನು ಕುರಿತ ಕಂತು ಬರೆಯುವುದು ಎಲ್ಲಕ್ಕಿಂತ ಕಷ್ಟವಾಯಿತು. ಆ ಚಿತ್ರಕಥೆಯನ್ನು ಮೊದಲು ಓದಿದಾಗ ತಮಗೆ ಯಾವ ಪಾತ್ರ ಎಂಬುದೇ ಹೊಳೆಯಲಿಲ್ಲವೆಂದೂ, ಈವ್ ನೀವೇ ಎಂದು ಏಜೆಂಟ್ ಹೇಳಬೇಕಾಯಿತೆಂದೂ ಓ ಅವರೇ ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಅಷ್ಟು ವರ್ಷ ದುಡಿದು, ಗೋಲ್ಡನ್ ಗ್ಲೋಬ್ ಗೆದ್ದು, ಜಗತ್ತಿಗೆಲ್ಲ ಪರಿಚಿತರಾದ ಮೇಲೂ, ಮುಖ್ಯ ಪಾತ್ರ ತಮ್ಮದಿರಬಹುದೆಂದು ಅವರ ಮನಸ್ಸಿಗೆ ಬರಲಿಲ್ಲ. ಅದನ್ನು ಟೈಪ್ ಮಾಡುತ್ತಾ ನಾನು ಬಿಕ್ಕಿ ಬಿಕ್ಕಿ ಅತ್ತೆ. ಆ ತಿಂಗಳುಗಳಲ್ಲಿ, ಇತರರ ಸಮಯ ತಿನ್ನುವ ಜೀವ ಎಂಬುದೊಂದನ್ನು ಬಿಟ್ಟರೆ ನನ್ನ ಬಗ್ಗೆ ನನಗೆ ಬೇರೆ ಯಾವ ಭಾವನೆಯೂ ಉಳಿದಿರಲಿಲ್ಲ. ಬೆಳಗಾಗದಿದ್ದರೇ ಒಳ್ಳೆಯದು ಎನಿಸಿದ ರಾತ್ರಿಗಳಿದ್ದವು. ಇದನ್ನು ಅಪ್ಪ ಅಮ್ಮನಿಗೆ ಹೇಳಿರಲಿಲ್ಲ. ಅಕ್ಕನಿಗೆ ಹೇಳಿದ್ದೆ. ಅವರು ಬುದ್ಧಿಮಾತು ಹೇಳಲಿಲ್ಲ, ನಮ್ಮ ಮನೆಯಲ್ಲೇ ಹಾಸಿಗೆ ಹಾಸಿಕೊಂಡು ಮಲಗಿದರು, ಬೆಳಗ್ಗೆ ಎದ್ದು ಮುಂದಿನ ಪುಟ ಎಲ್ಲಿ ಎಂದು ಕೇಳಿದರು.

ಹಾಗಾಗಿಯೇ ಆ ಕಂತು ಮುಗಿಯಿತು. ಡ್ರಾಮಾ ವಿಭಾಗದ ಮುಖ್ಯ ನಟಿಗೆ ಕೊಡುವ, ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಗೆ ಏಷ್ಯಾ ಮೂಲದ ಒಬ್ಬ ನಟಿ ನಾಮನಿರ್ದೇಶನಗೊಂಡದ್ದು ಅದೇ ಮೊದಲು, 2018ರಲ್ಲಿ, ಈವ್ ಪಾತ್ರಕ್ಕಾಗಿ. ಮರುವರ್ಷದ ಜನವರಿಯಲ್ಲಿ ಗೋಲ್ಡನ್ ಗ್ಲೋಬ್ ಕೈಗೆ ಬಂದಾಗ ಓ ಸಭೆಯಲ್ಲಿದ್ದ ತಂದೆತಾಯಿಗಳಿಗೆ ಕೊರಿಯನ್ ಭಾಷೆಯಲ್ಲಿ ಪ್ರೀತಿ ತಿಳಿಸಿ ತಲೆಬಾಗಿದರು. ಆ ವಿಡಿಯೊವನ್ನು ಅಕ್ಕ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದ್ದಾರೆ.

ಬರಹಮಾಲೆಯನ್ನು ಪುಸ್ತಕವಾಗಿಸುವಂತೆ ಹಲವರು ಕೇಳಿದ್ದೀರಿ. ಆ ಕೆಲಸ ಶುರುವಾಗಿದೆ, ನಿಮ್ಮ ಪತ್ರಗಳಿಗೂ ನಾನು ಋಣಿ. ಡೆಬ್ಬಿ ಗ್ರೇಸನ್ ಬಗ್ಗೆ ಬರೆದದ್ದು ಸಾಲದು ಎಂಬುದು ಅಕ್ಕನ ಈ ವಾರದ ತಕರಾರು. ಅವರ ಮಾತು ಸರಿಯಾಗಿದೆ, ಆ ಭಾಗವನ್ನು ಬೆಳೆಸಿ ಬರೆಯುತ್ತಿದ್ದೇನೆ.